ಒಬ್ಬರಿಗೆ ಅಲೆ, ಇನ್ನೊಬ್ಬರಿಗೆ ಮೊಳೆ

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಗಂಡ ಹೆಂಡತಿಯ ಕತೆ ಇದು, ಬರೆಯಲು ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ. ಹೆಸರು, ಹುಟ್ಟೂರು, ಕೆಲಸ ಎಲ್ಲ ಬದಲಿಸಿದ್ದೇನೆ. ಸುಮಾ ಮತ್ತು ರಘು ಅಂತ ಇಟ್ಟುಕೊಳ್ಳೋಣ.

ಕಳೆದ ಜೂನ್ ತಿಂಗಳು. ಮಂಗಳೂರಿನಲ್ಲಿ ಮಳೆ ಬಿಡದೆ ಹೊಯ್ಯುತ್ತಿತ್ತು. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು ನೇರ ನನ್ನ ಹತ್ತಿರ ಬಂದಿದ್ದರು. ಕೂರುವ ಮೊದಲೇ ರಘು ಲ್ಯಾಪ್‌ಟಾಪ್ ತೆರೆದರು. "ಮೇಡಂ, ಟೈಮ್ ಜಾಸ್ತಿ ಇಲ್ಲ. ಹತ್ತು ದಿನದಲ್ಲಿ ಅಡ್ವಾನ್ಸ್ ಕಟ್ಟಬೇಕು. ಕಟ್ಟೋದಾ ಬೇಡವಾ, ಅಷ್ಟೇ ತೀರ್ಮಾನ ಆಗಬೇಕಾಗಿರೋದು."

ಅಡ್ವಾನ್ಸ್ ಕಟ್ಟಬೇಕಾಗಿದ್ದದ್ದು ಪೋರ್ಚುಗಲ್‌ನ ಎರಿಸೇರಾ ಎಂಬ ಊರಿನ ಒಂದು ಮನೆಗೆ. ಲಿಸ್ಬನ್‌ನಿಂದ ಕಾರಿನಲ್ಲಿ ಒಂದು ಗಂಟೆಯೂ ಬೇಡ. ಬಂಡೆಯ ಮೇಲೆ ಕೂತ ಹಳೇ ಮೀನುಗಾರರ ಊರು. 2011ರಲ್ಲಿ 'ವಿಶ್ವ ಸರ್ಫಿಂಗ್ ಮೀಸಲು ಪ್ರದೇಶ' ಅಂತ ಹೆಸರಾಯಿತು, ಯುರೋಪಿನಲ್ಲಿ ಅದೇ ಮೊದಲು. ಇವೆಲ್ಲ ನನಗೆ ರಘು ಹೇಳಿದ್ದು. ಪೋರ್ಚುಗಲ್‌ನ ಕೊನೆಯ ರಾಜ 1910ರ ಅಕ್ಟೋಬರ್ 5ರಂದು ದೇಶ ಬಿಟ್ಟು ಓಡಿದ್ದು ಇದೇ ಊರಿನ ಕಡಲತೀರದಿಂದ ಅಂತಲೂ ಸೇರಿಸಿದರು. ರಘು ಎಲ್ಲವನ್ನೂ ಓದಿಕೊಂಡಿದ್ದರು. ಆದರೆ ಸರ್ಫಿಂಗ್ ಮಾಡುವವರು, ಅಂದರೆ ಹಲಗೆಯ ಮೇಲೆ ನಿಂತು ಅಲೆ ಹತ್ತುವವರು, ಅವರಲ್ಲ. ಅವರಿಗೆ ಈಜೇ ಬರುವುದಿಲ್ಲ.

ಹತ್ತುವವರು ಸುಮಾ. ತಾಯಿ ತೀರಿಕೊಂಡ ವರ್ಷ ಯಾರೋ ಗೆಳತಿ ಒತ್ತಾಯ ಮಾಡಿ ಮೂಲ್ಕಿಗೆ ಕರೆದುಕೊಂಡು ಬಂದಿದ್ದರಂತೆ. ಶಾಂಭವಿ ನದಿಯ ಆ ಕಡೆ ಎರಡು ದಿನ ಹಲಗೆಯ ಮೇಲೆ ಬರೀ ಮಲಗಿ ಕೈ ಬೀಸಿದ್ದು. ಮೂರನೇ ದಿನ ಎದ್ದು ನಿಂತರು. "ಮೂರು ಸೆಕೆಂಡ್ ಇರಬಹುದು ಮೇಡಂ. ಆ ಮೂರು ಸೆಕೆಂಡ್ ನಾನು ಯಾರ ಮಗಳೂ ಅಲ್ಲ, ಯಾರ ಅಮ್ಮನೂ ಅಲ್ಲ." ಆಮೇಲೆ ತಿಂಗಳಿಗೊಮ್ಮೆ ಮೂಲ್ಕಿ, ಸಸಿಹಿತ್ಲು. ಒಂದು ಸಲ ಶ್ರೀಲಂಕಾದ ವೆಲಿಗಾಮಾ. ಅಲ್ಲಿಂದ ಬಂದ ಮೇಲೆ ಊಟದ ಹೊತ್ತಿಗೆ ಒಂದು ಮಾತು: ಕಡಲ ಪಕ್ಕ ಹೋಗಿ ಇದ್ದುಬಿಡೋಣ್ವಾ?

ರಘು ಆಗಲಿ ಅಂದರು. ಮರುದಿನವೇ ಎಕ್ಸೆಲ್ ಶುರು.

ಆ ಎಕ್ಸೆಲ್ ಹಾಳೆಯನ್ನು ನಾನು ಅರ್ಧ ಗಂಟೆ ನೋಡಿದೆ. ಎಡಗಡೆ ಊರುಗಳು. ಮೇಲೆ ಹನ್ನೊಂದು ಕಾಲಂ: ನೀರಿನ ಉಷ್ಣತೆ, ಅಲೆಯ ತಿಂಗಳು, ಶಾಲೆ, ವೀಸಾ, ಮನೆ ಬೆಲೆ, ತೊಗರಿಬೇಳೆ ಸಿಗುತ್ತದಾ ಅನ್ನುವವರೆಗೆ. ಒಂದೊಂದು ಊರಿಗೂ ಹಸಿರು, ಹಳದಿ, ಕೆಂಪು. ಬಾಲಿ ಕೆಂಪಾಗಿತ್ತು. ಇಂಡೋನೇಷ್ಯಾದಲ್ಲಿ ಜಮೀನಿನ ಪೂರ್ತಿ ಒಡೆತನ ಅಲ್ಲಿನ ಪ್ರಜೆಗಳಿಗೆ ಮಾತ್ರ. ಹೊರಗಿನವರಿಗೆ ಗುತ್ತಿಗೆ, ಇಲ್ಲವೇ ವರ್ಷ ಗೊತ್ತುಮಾಡಿದ ಬಳಕೆ ಹಕ್ಕು. ಸ್ಥಳೀಯರೊಬ್ಬರ ಹೆಸರಲ್ಲಿ ಕೊಳ್ಳಬಹುದು ಅಂತ ಯಾರೋ ಕಿವಿಯೂದಿದ್ದರು, ರಘು ಅದರ ಮೇಲೆ ಗೀಟು ಎಳೆದಿದ್ದರು. ಜಾಣ ಕೆಲಸ. ಶ್ರೀಲಂಕಾ ಕೆಂಪು, ಅಲ್ಲಿ ವಿದೇಶಿಯರು ಜಮೀನು ಕೊಳ್ಳಲು 2014ರ ಕಾನೂನು ಅಡ್ಡ. ಆಸ್ಟ್ರೇಲಿಯಾ 2025ರ ಏಪ್ರಿಲ್‌ನಿಂದ ಕಟ್ಟಿದ ಮನೆಯನ್ನು ವಿದೇಶಿಯರಿಗೆ ಮಾರುವುದನ್ನು ತಡೆದಿದೆ. ನ್ಯೂಜಿಲೆಂಡ್ 2018ರಲ್ಲೇ ಬಾಗಿಲು ಹಾಕಿತ್ತು. ಕೋಸ್ಟರಿಕದಲ್ಲಿ ಸಮುದ್ರದಿಂದ 200 ಮೀಟರ್ ಪಟ್ಟಿಗೆ ಬೇರೆಯೇ ಕಾನೂನು. ಉಳಿದದ್ದು ಪೋರ್ಚುಗಲ್. ಅಲ್ಲಿ ಯಾವ ದೇಶದವರು ಬೇಕಾದರೂ ಮನೆ ಕೊಳ್ಳಬಹುದು.

ಗಮನಿಸಿದಿರಾ? ಊರುಗಳು ಹೊರಬಿದ್ದದ್ದು ಅಲೆಯ ಕಾಲಂನಲ್ಲಿ ಅಲ್ಲ, ಮಗಳ ಶಾಲೆಯ ಕಾಲಂನಲ್ಲೂ ಅಲ್ಲ. ಎಲ್ಲಾ ಒಂದೇ ಕಾಲಂನಲ್ಲಿ ಬಿದ್ದಿದ್ದವು. ನನಗೆ ಅದು ಆ ದಿನ ಹೊಳೆಯಲಿಲ್ಲ. ನಾನೂ ಎಲ್ಲರ ಹಾಗೆ ಯೋಚಿಸಿದ್ದೆ: ಹೆಂಡತಿಗೆ ಹುಚ್ಚು, ಗಂಡ ಪಾಪ ಒಪ್ಪಿಕೊಂಡು ಹೋಗುತ್ತಿದ್ದಾರೆ. ಮೊದಲ ಭೇಟಿಯ ಟಿಪ್ಪಣಿಯಲ್ಲಿ ಹಾಗೇ ಬರೆದಿದ್ದೇನೆ. ತಪ್ಪು.

ಎರಡನೇ ಭೇಟಿ ಮರುದಿನವೇ ಇತ್ತು. ಈ ಹನ್ನೊಂದರಲ್ಲಿ ನಿಮ್ಮ ಕಾಲಂ ಯಾವುದು ಅಂತ ರಘುವನ್ನು ಕೇಳಿದೆ. ನಕ್ಕರು. "ಎಲ್ಲಾ ನಾನೇ ಮಾಡಿದ್ದಲ್ವಾ ಮೇಡಂ?" ಮಾಡಿದ್ದು ನೀವು, ಆದರೆ ನಿಮಗೋಸ್ಕರ ಮಾಡಿದ್ದು ಯಾವುದು? ತುಂಬಾ ಹೊತ್ತು ಸುಮ್ಮನಿದ್ದು ಆರನೇ ಕಾಲಂ ಮೇಲೆ ಬೆರಳಿಟ್ಟರು. 'ಸ್ವಂತ ಹೆಸರಲ್ಲಿ ಮನೆ: ಹೌದು / ಇಲ್ಲ.'

ಆಮೇಲೆ ಮಾತು ತಾನಾಗಿಯೇ ಬಂತು. ತಂದೆಗೆ ವರ್ಗವಾಗುವ ಸರ್ಕಾರಿ ನೌಕರಿ. ಪಿಯುಸಿ ಮುಗಿಯುವಷ್ಟರಲ್ಲಿ ಏಳು ಬಾಡಿಗೆ ಮನೆ. ಅರಸೀಕೆರೆಯ ಮನೆ ಮಾಲೀಕರು ಗೋಡೆಗೆ ಮೊಳೆ ಹೊಡೆಯಬಾರದು ಅಂದಿದ್ದರು. ಕ್ಯಾಲೆಂಡರ್ ಕಿಟಕಿಯ ಸರಳಿಗೆ ನೇತು ಹಾಕಬೇಕಿತ್ತು. ದೇವರ ಪಟಗಳು ಅಕ್ಕಿ ಡಬ್ಬಕ್ಕೆ ಒರಗಿ ನಿಂತಿರುತ್ತಿದ್ದವು. ಒಂದು ಗೌರಿ ಹಬ್ಬಕ್ಕೆ ಅಮ್ಮ ತೋರಣ ಕಟ್ಟಲು ಬಾಗಿಲ ಮೇಲೆ ಎರಡು ಮೊಳೆ ಹೊಡೆದುಬಿಟ್ಟರು. ಮನೆ ಬಿಡುವ ದಿನ ಮಾಲೀಕರು ಟಾರ್ಚ್ ಹಿಡಿದು ಗೋಡೆ ಗೋಡೆ ನೋಡಿದರು. ತೂತುಗಳನ್ನು ಎಣಿಸಿ ಅಡ್ವಾನ್ಸ್‌ನಲ್ಲಿ ಹಣ ಮುರಿದುಕೊಂಡರು. ಅಪ್ಪ ಕೈಕಟ್ಟಿ ನಿಂತಿದ್ದರು. ರಘುಗೆ ಆಗ ಹತ್ತು ವರ್ಷ.

ಸುಮಾ ಗಂಡನ ಮುಖವನ್ನೇ ನೋಡುತ್ತಿದ್ದರು. "ಹದಿನಾಲ್ಕು ವರ್ಷ ಆಯ್ತು ಮದುವೆಯಾಗಿ. ಇದನ್ನ ನನಗೆ ಯಾವತ್ತಾದ್ರೂ ಹೇಳಿದ್ದೀಯಾ ನೀನು?"

ಮತ್ತೆ ಅವರೇ ಇನ್ನೊಂದು ಮಾತು ಹೇಳಿದರು. ತನಗೆ ಮನೆ ಬೇಕು ಅಂತ ಅನ್ನಿಸಿಯೇ ಇರಲಿಲ್ಲವಂತೆ. ಹಲಗೆ ಇಡಲು ಒಂದು ಮೂಲೆ ಇದ್ದರೆ ಸಾಕಿತ್ತು. ಮನೆ ಕೊಳ್ಳುವ ಮಾತು ರಘು ಎತ್ತಿದ್ದನ್ನು ಅವರು ಪ್ರೀತಿ ಅಂದುಕೊಂಡು ಸುಮ್ಮನಿದ್ದರು. ಕಡಲ ಮಾತು ಸುಮಾ ಎತ್ತಿದ್ದನ್ನು ರಘು ಹಟ ಅಂದುಕೊಂಡು ಒಪ್ಪಿದ್ದರು. ಎರಡು ಆಸೆ, ಒಂದೇ ಗಂಟು. ಅಲೆ ಬೇಕಾದವರಿಗೆ ಊರು ಬದಲಾದರೆ ಸಾಕು. ಗೋಡೆ ಬೇಕಾದವರಿಗೆ ಊರು ಯಾವುದಾದರೂ ಸರಿ. ಎರಡನ್ನೂ ಒಂದೇ ರಿಜಿಸ್ಟ್ರೇಷನ್‌ನಲ್ಲಿ ಮುಗಿಸಲು ಹೊರಟಿದ್ದರು. ಅದಕ್ಕೇ ಮನೆಯಲ್ಲಿ ದಿನಾ ಜಗಳ, ಜಗಳ ಯಾವುದರ ಬಗ್ಗೆ ಅಂತ ಇಬ್ಬರಿಗೂ ಗೊತ್ತಿಲ್ಲ.

ಇನ್ನು ನಾನು ಕೊಟ್ಟ ಸಲಹೆ.

ಅಡ್ವಾನ್ಸ್ ಕಟ್ಟಬೇಡಿ ಅಂದೆ. ಸಾಮಾನ್ಯವಾಗಿ ನಾನು ಇಷ್ಟು ನೇರವಾಗಿ ಹೇಳುವುದಿಲ್ಲ. ಆದರೆ ಪೋರ್ಚುಗಲ್‌ನಲ್ಲಿ ಮೊದಲ ಕರಾರು ಆಗುವಾಗ ಹೆಚ್ಚಾಗಿ ಬೆಲೆಯ 10%ರಷ್ಟು ಕೊಡುತ್ತಾರೆ. ಕೊಳ್ಳುವವರು ಹಿಂದೆ ಸರಿದರೆ ಅದು ಹೋಯಿತು. ಮಾರುವವರು ಸರಿದರೆ ದುಪ್ಪಟ್ಟು ಕೊಡಬೇಕು. ಮನೆ ತೋರಿಸಿದ ಏಜೆಂಟ್ ಎರಡನೆಯದನ್ನು ಮಾತ್ರ ಹೇಳಿದ್ದರು. ಆ ಊರನ್ನು ಇವರಿಬ್ಬರೂ ನೋಡಿದ್ದು ಒಂದು ಮೇ ತಿಂಗಳ ಆರು ದಿನ. ಆ ಮನೆ ಕೈತಪ್ಪಿದರೆ ತಪ್ಪಲಿ ಅಂದೆ. ರಘು ಮುಖ ಸಣ್ಣದಾಯಿತು.

ಕಾಗದ ಪತ್ರದ ವಿಷಯಕ್ಕೆ ನಾನು ಕೈ ಹಾಕುವುದಿಲ್ಲ. ಚಾರ್ಟರ್ಡ್ ಅಕೌಂಟೆಂಟ್ ಮತ್ತು ಅಲ್ಲಿನ ವಕೀಲರು ಬೇಕು, ಆ ವಕೀಲರು ಏಜೆಂಟ್ ಪರಿಚಯಿಸಿದವರಾಗಿರಬಾರದು ಅಂತ ಹೇಳಿ ಕಳಿಸಿದೆ. ಅಲ್ಲಿಂದ ಬಂದ ಉತ್ತರಗಳು ಗಂಟನ್ನು ಬಿಡಿಸಲು ನನಗಿಂತ ಜಾಸ್ತಿ ಸಹಾಯ ಮಾಡಿದವು. ಮನೆ ಕೊಂಡರೆ ಇರಲು ಪರವಾನಗಿ ಸಿಗುತ್ತದೆ ಅಂತ ರಘು ನಂಬಿದ್ದರು. ಮನೆ ಕೊಂಡವರಿಗೆ ಗೋಲ್ಡನ್ ವೀಸಾ (ಹಣ ಹೂಡಿದವರಿಗೆ ಸಿಗುವ ವಾಸದ ಪರವಾನಗಿ) ಕೊಡುವುದನ್ನು ಪೋರ್ಚುಗಲ್ 2023ರ ಅಕ್ಟೋಬರ್‌ನಲ್ಲೇ ನಿಲ್ಲಿಸಿದೆ. ಬೇರೆ ದೇಶದ ಕಂಪನಿಗೆ ಅಲ್ಲಿ ಕೂತು ಕೆಲಸ ಮಾಡುವವರಿಗೆ ಡಿ8 ಅನ್ನುವ ವೀಸಾ ಇದೆ. ಅದಕ್ಕೆ ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು ಆದಾಯ ತೋರಿಸಬೇಕು. 2025ರ ಲೆಕ್ಕದಲ್ಲಿ ತಿಂಗಳಿಗೆ 3,480 ಯೂರೋ. ಸ್ವಂತ ಮನೆ ಬೇಕಿಲ್ಲ, ಬಾಡಿಗೆ ಕರಾರೂ ನಡೆಯುತ್ತದೆ. ಇನ್ನು ಇಲ್ಲಿಂದ ಹಣ ಕಳಿಸಲು ಒಬ್ಬರಿಗೆ ವರ್ಷಕ್ಕೆ 2,50,000 ಡಾಲರ್ ಮಿತಿ. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕ್ 20% ಟಿಸಿಎಸ್, ಅಂದರೆ ಮೊದಲೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತದೆ. ಆಮೇಲೆ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ಅಷ್ಟು ದುಡ್ಡು ಎಲ್ಲಿಂದ ತರುವುದು? ಆ ಸಾಲು ಎಕ್ಸೆಲ್‌ನಲ್ಲಿ ಇರಲೇ ಇಲ್ಲ.

ನನ್ನ ಮುಖ್ಯ ಸಲಹೆ ಇದು: ಚಳಿಗಾಲದಲ್ಲಿ ಹೋಗಿ ಆರು ವಾರ ಬಾಡಿಗೆಗೆ ಇರಿ. ಮಗಳೂ ಬರಲಿ. ಸುಮಾ ಸಂಬಳವಿಲ್ಲದ ರಜೆ ಹಾಕಲಿ, ಪ್ರವಾಸಿ ವೀಸಾದಲ್ಲಿ ಆಫೀಸ್ ಕೆಲಸ ಮಾಡುವುದು ಬೇಡ. ದಿನಾ ರಾತ್ರಿ ಮೂವರೂ ಎರಡೆರಡು ಸಾಲು ಬರೆಯಿರಿ. ಅಲೆಯ ಬಗ್ಗೆ ಬೇಡ. ಅಲೆ ಹತ್ತದ ಹೊತ್ತಿನಲ್ಲಿ ಏನು ಮಾಡಿದಿರಿ, ಯಾರ ಜೊತೆ ಮಾತಾಡಿದಿರಿ, ಅದು. ರಘು ಸರ್ಫಿಂಗ್ ಕಲಿಯಬೇಕು ಅಂತ ನಾನು ಹೇಳಲಿಲ್ಲ. ಹೆಂಡತಿಯ ಖುಷಿಗೆ ನೀರಿಗಿಳಿದ ಗಂಡ ಎರಡನೇ ವಾರಕ್ಕೆ ಲೆಕ್ಕ ಕೇಳಲು ಶುರು ಮಾಡುತ್ತಾನೆ, ನೋಡಿದ್ದೇನೆ.

ಬೇಸಿಗೆ ಬಿಟ್ಟು ಚಳಿಗಾಲ ಯಾಕೆ? ಕಡಲ ಪಕ್ಕ ಹುಟ್ಟಿದವಳು ನಾನು. ನಮ್ಮ ಉಳ್ಳಾಲ, ಸೋಮೇಶ್ವರದಲ್ಲಿ ಮಳೆಗಾಲದ ಕಡಲ್ಕೊರೆತ ನೋಡಿದವರು ಡಿಸೆಂಬರ್‌ನ ಬೀಚ್ ನೋಡಿ ಮನೆ ಕಟ್ಟುವುದಿಲ್ಲ. ಎರಿಸೇರಾದಲ್ಲಿ ಉಲ್ಟಾ, ಚಳಿಗಾಲವೇ ಕಡಲು ಕೆರಳುವ ಕಾಲ. ಮೂಲ್ಕಿಯಲ್ಲಿ ಬೆಚ್ಚಗಿನ ನೀರಿನಲ್ಲಿ ಸೊಂಟದೆತ್ತರದ ಅಲೆ ಹತ್ತಿದವರಿಗೆ ಆಗ ಅಟ್ಲಾಂಟಿಕ್‌ನಲ್ಲಿ ಸುಮಾರು 15 ಡಿಗ್ರಿ ನೀರು, ತಲೆಯ ಮೇಲೆ ಬರುವ ಅಲೆ, ಕೆಳಗೆ ಬಂಡೆ.

ಇನ್ನೊಂದು: ಹಾಸನದಲ್ಲಿರುವ ರಘು ಅವರ ತಂದೆಗೆ ಇದನ್ನು ಹೋಗುವ ಮೊದಲು ಹೇಳಿ. ಅಪ್ಪಣೆ ಕೇಳುವುದಲ್ಲ, ವಿಷಯ ತಿಳಿಸುವುದು. ಎಪ್ಪತ್ತೆರಡು ವರ್ಷದ ಒಂಟಿ ಜೀವಕ್ಕೆ ಟಿಕೆಟ್ ತೆಗೆದ ಮೇಲೆ ಹೇಳುವುದು ಸರಿಯಲ್ಲ.

ಹೇಳಿದರು. ಮೊಳೆ ಕತೆಯನ್ನೂ ಹೇಳಿದರು. ತಂದೆಗೆ ಅರಸೀಕೆರೆಯ ಆ ದಿನ ನೆನಪೇ ಇರಲಿಲ್ಲ. "ಅದಕ್ಕೆ ಅಷ್ಟು ದೂರ ಹೋಗ್ಬೇಕೇನೋ, ಇಲ್ಲೇ ಹೊಡ್ಕೋ ಎಷ್ಟು ಬೇಕಾದ್ರೂ" ಅಂದರಂತೆ. ರಘು ಇದನ್ನು ನಗುತ್ತಾ ಹೇಳಿದರೂ ಆ ಭೇಟಿ ಅಷ್ಟು ಹಗುರವಾಗಿ ಮುಗಿಯಲಿಲ್ಲ. ಮೂವತ್ತೈದು ವರ್ಷ ತಾನು ಹೊತ್ತ ಅವಮಾನ ಅಪ್ಪನದಲ್ಲವೇ ಅಲ್ಲ ಅಂತ ತಿಳಿದರೆ ಮನುಷ್ಯನಿಗೆ ಒಂಥರಾ ಸಿಟ್ಟೂ ಬರುತ್ತದೆ.

ನವೆಂಬರ್ ಮಧ್ಯದಲ್ಲಿ ಹೋಗಿ ಡಿಸೆಂಬರ್ ಕೊನೆಗೆ ಬಂದರು. ನೋಟ್‌ಬುಕ್ ತಂದು ತೋರಿಸಿದರು. ನಲವತ್ತೆರಡು ದಿನದಲ್ಲಿ ಸುಮಾ ನೀರಿಗಿಳಿದದ್ದು ಹದಿಮೂರು ದಿನ, ಅದೂ ಹೆಚ್ಚಾಗಿ ಫೋಜ್ ದೊ ಲಿಜಾಂದ್ರೋದ ಮರಳು ತೀರದಲ್ಲಿ. ಹೆಸರುವಾಸಿಯಾದ ಕೋಶೂಸ್ ಅಲೆಯನ್ನು ದಂಡೆಯಿಂದ ನೋಡಿ ಕೈ ಮುಗಿದು ಬಂದರಂತೆ. ಮನೆಯೊಳಗೆ ಹೊರಗಿಗಿಂತ ಚಳಿ. ಬೀರುವಿನಲ್ಲಿಟ್ಟ ಬಟ್ಟೆಗೆ ಬೂಷ್ಟು, ನಮ್ಮ ಆಷಾಢದ ಹಾಗೆಯೇ. ಮಗಳ ಪುಟದಲ್ಲಿ ಪಕ್ಕದ ಮನೆ ನಾಯಿಯದೇ ಸುದ್ದಿ. ರಘು ಪುಟದಲ್ಲಿ ಮೊದಲ ವಾರ ಬರೀ ಬೆಲೆಗಳು. ಮೂರನೇ ವಾರ ಒಂದು ಸಾಲು: 'ಮೀನು ಮಾರುಕಟ್ಟೆಯ ಅಜ್ಜಿ ಇವತ್ತು ನನ್ನನ್ನು ನೋಡಿ ತಾನೇ ಮಾತಾಡಿಸಿದಳು.' ಆಮೇಲೆ ಆ ಅಜ್ಜಿ ದಿನಾ ಬರುತ್ತಾಳೆ.

ಸುಮಾ ಈಗ ಆಫೀಸಿನಲ್ಲಿ ಒಂದು ವರ್ಷ ಹೊರಗಿನಿಂದ ಕೆಲಸ ಮಾಡಲು ಅನುಮತಿ ಕೇಳಿದ್ದಾರೆ. ಸಿಕ್ಕರೆ ಡಿ8ಕ್ಕೆ ಅರ್ಜಿ, ಬಾಡಿಗೆ ಮನೆ. ಕರಾರಿನಲ್ಲಿ ಮೊಳೆ ಹೊಡೆಯಬಹುದು ಅಂತ ಬರೆಸಿಕೊಳ್ಳುವುದಾಗಿ ರಘು ಹೇಳುತ್ತಾರೆ, ಅರ್ಧ ತಮಾಷೆಗೆ. ಸ್ವಂತ ಮನೆಯ ದುಡ್ಡು ಸದ್ಯ ಬ್ಯಾಂಕಿನಲ್ಲೇ ಇದೆ. ಎರಿಸೇರಾದಲ್ಲೋ ಹಾಸನದಲ್ಲೋ ಅಂತ ಇನ್ನೂ ವಾದ ಮಾಡುತ್ತಿದ್ದಾರೆ. ಮುಂದಿನ ಭೇಟಿ ಏಪ್ರಿಲ್‌ನಲ್ಲಿ, ಮಗಳ ಪರೀಕ್ಷೆ ಮುಗಿದ ಮೇಲೆ.