ವೈದ್ಯರ ಉತ್ತರ: ತಪ್ಪು ಹಲಸಿನದಲ್ಲ, ನಿಮ್ಮದೂ ಅಲ್ಲ

ಪ್ರಶ್ನೆ: ಬಸುರಿಯಾಗಿದ್ದಾಗ ನನಗೆ ಸಕ್ಕರೆ ಕಾಯಿಲೆ ಬಂದಿತ್ತು, ಹೆರಿಗೆಯ ಬಳಿಕ ಹೋಯಿತು. ಮಗನಿಗೆ ಈಗ ಐದು ವರ್ಷ, ಚೆನ್ನಾಗಿದ್ದಾನೆ. ಇಂಥ ಮಕ್ಕಳಿಗೆ ಮುಂದೆ ಹೃದ್ರೋಗ ಬರುತ್ತದೆಂದು ಓದಿದಂದಿನಿಂದ ನಿದ್ದೆಯಿಲ್ಲ. ಬಯಕೆಯೆಂದು ಹಲಸಿನ ಹಣ್ಣು ತಿಂದದ್ದೇ ಇದಕ್ಕೆಲ್ಲ ಮೂಲ ಎನ್ನುತ್ತಾರೆ ಅತ್ತೆ. ನಿಜವೇ?
– ಒಬ್ಬ ತಾಯಿ, ಬದಿಯಡ್ಕ

ಉತ್ತರ: ಮೊದಲು ಇದನ್ನು ಅತ್ತೆಯವರಿಗೆ ಓದಿ ಹೇಳಿ. ಬಸುರಿನ ಐದಾರು ತಿಂಗಳ ಹೊತ್ತಿಗೆ ಮಾಸಿನಿಂದ (ಗರ್ಭದಲ್ಲಿ ಮಗುವಿಗೆ ಪೋಷಣೆ ತಲುಪಿಸುವ ಪ್ಲಾಸೆಂಟಾ) ಬರುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಇದು ಎಲ್ಲ ಬಸುರಿಯರಲ್ಲೂ ಆಗುವಂಥದ್ದು. ಅದನ್ನು ಸರಿದೂಗಿಸುವಷ್ಟು ಇನ್ಸುಲಿನ್ ದೇಹದಲ್ಲಿ ಹುಟ್ಟದಿದ್ದರೆ ಸಕ್ಕರೆ ಏರುತ್ತದೆ. ಹಣ್ಣು ಹೆಚ್ಚು ತಿಂದರೆ ಆ ಹೊತ್ತಿನ ಸಕ್ಕರೆ ಏರೀತು, ಕಾಯಿಲೆಯ ಬೇರು ಅಲ್ಲಿಲ್ಲ. ಕುಂಬಳೆಯ ನನ್ನ ಕ್ಲಿನಿಕ್ಕಿಗೆ ಸೊಸೆಯ ಜತೆ ಅತ್ತೆ ಬಂದರೆ ಅವರನ್ನೂ ಒಳಗೆ ಕರೆಯುತ್ತೇನೆ, ಈ ಮಾತನ್ನು ಇಬ್ಬರೂ ಒಟ್ಟಿಗೆ ಕೇಳಬೇಕೆಂದು. ಹೆಣ್ಣು ಉಂಡದ್ದರ ಮೇಲೆ ತಪ್ಪು ಹೊರಿಸುವುದನ್ನು ನಾನು ಸಹಿಸಲಾರೆ.

ನೀವು ಓದಿದ್ದು ಬಹುಶಃ 2019ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನದ ಸುದ್ದಿ. 1977ರಿಂದ 2016ರವರೆಗೆ ಹುಟ್ಟಿದ 24 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ಅದರಲ್ಲಿ ನೋಡಿದ್ದರು. ಬಸುರಿನಲ್ಲಷ್ಟೇ ಸಕ್ಕರೆ ಕಾಯಿಲೆ ಬಂದ ತಾಯಂದಿರ ಮಕ್ಕಳಲ್ಲಿ, 40 ವರ್ಷದೊಳಗೆ ಹೃದಯ ಮತ್ತು ರಕ್ತನಾಳದ ಕಾಯಿಲೆ ಕಾಣಿಸಿಕೊಳ್ಳುವುದು ಶೇ 19ರಷ್ಟು ಹೆಚ್ಚಿತ್ತು. ಇದರರ್ಥ ನೂರು ಮಕ್ಕಳಲ್ಲಿ 19 ಮಂದಿಗೆ ಕಾಯಿಲೆ ಎಂದಲ್ಲ. ಉಳಿದವರಲ್ಲಿ 100 ಪ್ರಕರಣಗಳು ಕಂಡಲ್ಲಿ ಇವರಲ್ಲಿ ಸುಮಾರು 119. ಆ ಲೆಕ್ಕದಲ್ಲಿ ಬಿಪಿಯೂ ಸೇರಿದೆ. ಸಕ್ಕರೆಯೇ ಕಾರಣವೆಂದು ಇಂಥ ಅಧ್ಯಯನ ಸಾಬೀತು ಮಾಡುವುದೂ ಇಲ್ಲ.

ಹಾಗೆಂದು ತಳ್ಳಿಹಾಕುವಂತಿಲ್ಲ. ತಾಯಿಯ ರಕ್ತದ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಸೇರುತ್ತದೆ, ಇನ್ಸುಲಿನ್ ದಾಟುವುದಿಲ್ಲ. ಹಾಗಾಗಿ ಮಗುವಿನ ಮೇದೋಜೀರಕ ಗ್ರಂಥಿಯೇ ಹೆಚ್ಚು ಇನ್ಸುಲಿನ್ ಸುರಿಸುತ್ತದೆ, ಕೊಬ್ಬು ಕೂಡುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದಾಗ, ಇಂಥ ತಾಯಂದಿರ ಮಕ್ಕಳಲ್ಲಿ ಒಂಬತ್ತೂವರೆ ವಯಸ್ಸಿಗೆ ಮೈಕೊಬ್ಬು ಹೆಚ್ಚಿತ್ತು, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಲಕ್ಷಣವೂ ಇತ್ತು. ನಮ್ಮ ಮಕ್ಕಳ ಮಟ್ಟಿಗೆ ನನಗೆ ಡೆನ್ಮಾರ್ಕಿಗಿಂತ ಇದೇ ಮುಖ್ಯ.

ಮಗನಿಗೆ ಈಗ ಸ್ಕ್ಯಾನ್, ಇಸಿಜಿ ಯಾವುದೂ ಬೇಡ. ವರ್ಷಕ್ಕೊಮ್ಮೆ ಎತ್ತರ, ತೂಕ, ಬಿಪಿ ನೋಡಿಸಿ. ಬಿಪಿ ಪಟ್ಟಿ ಮಕ್ಕಳ ತೋಳಿನ ಅಳತೆಯದೇ ಆಗಿರಲಿ, ದೊಡ್ಡವರ ಪಟ್ಟಿ ಕಟ್ಟಿದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಸಂಜೆಯ ಬೇಕರಿ ತಿಂಡಿ, ಸಿಹಿ ಪಾನೀಯ ದಿನಚರಿಯಾಗದಿರಲಿ. ಅಂಗಳದಲ್ಲಿ ಬೆವರುವಷ್ಟು ಆಡಲಿ. ಹಲಸು ಬಿಡುವ ಕಾಲದಲ್ಲಿ ಎರಡು ತೊಳೆ ತಿಂದರೆ ಗದರಬೇಡಿ.

ಇನ್ನು ನೀವು. ಮಗನ ಬಗ್ಗೆ ಇಷ್ಟು ಬರೆದವರು ಹೆರಿಗೆಯ ಬಳಿಕ ನಿಮ್ಮ ಸಕ್ಕರೆ ಪರೀಕ್ಷಿಸಿದ್ದೀರಾ ಎಂಬುದನ್ನು ಬರೆದಿಲ್ಲ. ಮುಂದೆ ಕಾಯಂ ಸಕ್ಕರೆ ಕಾಯಿಲೆ ಬರುವ ಸಂಭವ ನಿಮಗೆ ಹೆಚ್ಚು. ಈ ವಾರವೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಖಾಲಿ ಹೊಟ್ಟೆಯಲ್ಲಿ ಹೋಗಿ ಪರೀಕ್ಷಿಸಿಕೊಳ್ಳಿ. ಇನ್ನೊಂದು ಮಗು ಬೇಕೆಂದಿದ್ದರೆ ಗರ್ಭ ಧರಿಸುವ ಮೊದಲೇ ಸಕ್ಕರೆ ಹತೋಟಿಯಲ್ಲಿರಬೇಕು.