ಜಾಕೆಟ್ ಆಯ್ತು, ಇನ್ನು ಫುಟ್ಬಾಲ್ ಕಲಿ

ಸೆಪ್ಟೆಂಬರಿಗೆ ಸ್ಕಾಟ್ಲೆಂಡ್‌ನ ಅಬರ್ಡೀನ್‌ಗೆ ಓದೋಕೆ ಬರ್ತಿದೀನಿ, ಚಳಿಗೆ ಜಾಕೆಟ್ ತಗೊಂಡಾಯ್ತು, ಆದ್ರೆ ಅಲ್ಲಿಯ ಜನ ನಮ್ಮ ಹತ್ರ ಮಾತಾಡ್ತಾರಾ ಅಣ್ಣ, ಅಂತ ಕೇಳಿದೀಯ. ಮಾತಾಡ್ತಾರಪ್ಪ. ‘ಫಿಟ್ ಲೈಕ್?’ ಅಂದ್ರೆ ಗಾಬರಿಯಾಗ್ಬೇಡ, ಹೇಗಿದೀಯ ಅಂತ ಅರ್ಥ. ಮೊದಲ ತಿಂಗಳು ನಾನು ನನ್ನ ಹೊಟ್ಟೆ ನೋಡಿ ಏನೋ ಅಂತಿದಾರೆ ಅಂದ್ಕೊಂಡಿದ್ದೆ! ಅದಾದ್ಮೇಲೆ ಮಳೆ ಸುದ್ದಿ, ಮಳೆ ಮುಗಿದ್ರೆ ಫುಟ್ಬಾಲ್. ಮಳೆ ಬಗ್ಗೆ ಯಾರು ಬೇಕಾದ್ರೂ ಮಾತಾಡಬಹುದು, ಫುಟ್ಬಾಲ್ ಮಾತ್ರ ಕಲೀಬೇಕು.

ನಾನು ಹತ್ತು ವರ್ಷ ಕಲೀಲಿಲ್ಲ. 2024ರಲ್ಲಿ ಸ್ವೀಡನ್‌ನ ಜಿಮ್ಮಿ ಥೆಲೀನ್ ಇಲ್ಲಿಯ ಕ್ಲಬ್‌ಗೆ ಮ್ಯಾನೇಜರ್ ಆಗಿ ಬಂದ್ರು. ಬಂದವರೇ ಸಾಲಾಗಿ 13 ಮ್ಯಾಚ್ ಗೆಲ್ಲಿಸಿದ್ರು. ಅಷ್ಟು ದಿನ ಬೇಲಿಯಾಚೆಯಿಂದ ಬರೀ ಕೈ ಎತ್ತುತ್ತಿದ್ದ ಪಕ್ಕದ ಮನೆ ಅಜ್ಜ ನಿಂತು ಮಾತಾಡೋಕೆ ಶುರು ಮಾಡಿದ್ರು. 1983ರಲ್ಲಿ ಕ್ಲಬ್‌ನ ಆಗಿನ ಮ್ಯಾನೇಜರ್ ಅಲೆಕ್ಸ್ ಫರ್ಗ್ಯುಸನ್ ಹುಡುಗರು ಗೋಥೆನ್‌ಬರ್ಗ್‌ನಲ್ಲಿ ಯುರೋಪಿನ ಕಪ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ನ 2-1ಕ್ಕೆ ಬಗ್ಗು ಬಡಿದಿದ್ದನ್ನ ನಿನ್ನೆ ಸಂಜೆ ನಡೆದ ಹಾಗೆ ಹೇಳೋರು. ನವೆಂಬರ್‌ನಿಂದ ಗ್ರಹಚಾರ ಕೆಟ್ಟಿತು. ಲೀಗ್‌ನಲ್ಲಿ 14 ಮ್ಯಾಚ್ ಗೆಲುವೇ ಇಲ್ಲ. ಮಧ್ಯಾಹ್ನ ಮೂರೂವರೆಗೇ ಕತ್ತಲಾಗೋ ಕಾಲ ಬೇರೆ. ಅಜ್ಜ ಮತ್ತೆ ಬರೀ ಕೈ ಎತ್ತೋದಕ್ಕೆ ವಾಪಸ್.

ಆದ್ರೂ ಹೇಗೋ ಸ್ಕಾಟಿಷ್ ಕಪ್ ಫೈನಲ್ ಮುಟ್ಟಿದ್ರು. ಎದುರಿಗೆ ಸೆಲ್ಟಿಕ್. ಆ ವರ್ಷ ಲೀಗು, ಲೀಗ್ ಕಪ್ಪು ಎರಡೂ ಹೊಡೆದವರು. ಹತ್ತು ದಿನ ಮುಂಚೆ ನಮ್ಮೂರಿಗೇ ಬಂದು 5-1 ಬಾರಿಸಿ ಹೋದವರು. 2025ರ ಮೇ 24, ಗ್ಲಾಸ್ಗೋದ ಹ್ಯಾಂಪ್ಡನ್ ಪಾರ್ಕ್. ಅಜ್ಜ ನಮ್ಮನೆ ಟೀವಿ ಮುಂದೆ, ಕೈಯಲ್ಲಿ ನನ್ನ ಹೆಂಡತಿ ಕೊಟ್ಟ ಚಕ್ಲಿ. 1-1, ತಮಾಷೆ ಅಂದ್ರೆ ಎರಡೂ ಸೆಲ್ಫ್ ಗೋಲು. ಪೆನಾಲ್ಟಿ ಅಂತಾಗಿದ್ದೇ ತಡ ಅಜ್ಜ ಎದ್ದು ಅಡುಗೆಮನೆಗೆ ಹೋಗಿ ಸಿಂಕ್ ಕಡೆ ಮುಖ ಮಾಡಿ ನಿಂತುಬಿಟ್ರು. ನಾನು ಬಾಗಿಲಲ್ಲಿ ನಿಂತು ಕಾಮೆಂಟರಿ ಕೊಡಬೇಕು! ಗೋಲ್‌ಕೀಪರ್ ಮಿಟೊವ್ ಸೆಲ್ಟಿಕ್‌ನ ಮೊದಲನೇದನ್ನೂ ತಡೆದ, ಕೊನೇದನ್ನೂ ತಡೆದ. 4-3. ಹಿಂದೆ 1990ರಲ್ಲಿ ಈ ಕಪ್ ಬಂದಿದ್ದೂ ಇದೇ ಸೆಲ್ಟಿಕ್‌ನ ಪೆನಾಲ್ಟಿಯಲ್ಲೇ ಸೋಲಿಸಿ. ಅಜ್ಜ ತಿರುಗಿ ಮುಷ್ಟಿ ಬಿಚ್ಚಿದ್ರೆ ಚಕ್ಲಿ ಪುಡಿಪುಡಿ.

ಮಾರನೇ ದಿನ ಊರಿನ ಮುಖ್ಯ ರಸ್ತೆ ಯೂನಿಯನ್ ಸ್ಟ್ರೀಟ್ ತುಂಬ ಕ್ಲಬ್ ಬಣ್ಣ, ಕೆಂಪೋ ಕೆಂಪು. ಲೀಗ್‌ನಲ್ಲಿ ಐದನೇ ಸ್ಥಾನ ಬಂದಿದ್ದು ಯಾರಿಗೂ ನೆನಪಿರಲಿಲ್ಲ.

ಜೂನ್ 3ಕ್ಕೆ ನಮ್ಮ ಆರ್‌ಸಿಬಿ ಗೆದ್ದಾಗ ನಾನೇ ಬೇಲಿ ಹತ್ರ ಓಡಿದೆ. 18 ವರ್ಷ ಕಾದಿದ್ವಿ ಅಂದೆ. ಅಜ್ಜ ಈ ಕಪ್‌ಗೆ 1990ರಿಂದ 35 ವರ್ಷ ಕಾದವರು, ‘ಬರೀ ಹದಿನೆಂಟಾ?’ ಅಂದ್ರು.

ನಮ್ಮ ಕ್ಲಬ್‌ನ ಪಿಟೋಡ್ರಿ ಸ್ಟೇಡಿಯಂ ಇರೋದು ಸಮುದ್ರದ ಪಕ್ಕ, ಗಾಳಿ ಮೂಳೆಗೇ ಹೊಕ್ಕುತ್ತೆ. ಜಾಕೆಟ್ ಒಳಗೆ ಇನ್ನೊಂದು ಸ್ವೆಟರ್ ಇರ್ಲಿ. ಬಂದ ಮೊದಲ ಶನಿವಾರ ಮ್ಯಾಚ್ ಇದ್ರೆ ಕರ್ಕೊಂಡು ಹೋಗ್ತೀನಿ. ಅಜ್ಜನೂ ಬರ್ತಾರೆ.