ಸೊಳ್ಳೆ ಎಲ್ಲ ಕಡೆ ಇದ್ದದ್ದೇ. ಹೊರಗಿನಿಂದ ಬಂದ ಜಾತಿಗಳ ಬಗ್ಗೆ ಇಷ್ಟು ಆತಂಕ ಯಾಕೆ?

ಎಲ್ಲ ಸೊಳ್ಳೆಗಳೂ ಒಂದೇ ರೋಗ ಹರಡುವುದಿಲ್ಲ, ಅದಕ್ಕೇ. ಹೊಸ ಜಾತಿ ಬಂದು ಬೇರೂರಿತೆಂದರೆ, ಅಲ್ಲಿ ಹಿಂದೆಂದೂ ಹರಡದಿದ್ದ ಕಾಯಿಲೆಗೂ ದಾರಿಯಾಗುತ್ತದೆ.

ಏಷ್ಯನ್ ಟೈಗರ್ ಸೊಳ್ಳೆಯನ್ನೇ ನೋಡಿ. ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟೆ, ಬೆನ್ನ ನಡುವೆ ಒಂದೇ ಬಿಳಿ ಗೆರೆ. ಹಗಲಲ್ಲೇ ಕಚ್ಚುತ್ತದೆ. ಇದು ಖಂಡ ದಾಟಿದ್ದು ಹಾರಿಕೊಂಡಲ್ಲ. ಹಳೆಯ ಟೈರುಗಳ ಒಳಗೆ ಅಂಟಿದ್ದ ಮೊಟ್ಟೆಗಳು ಹಡಗು ಹತ್ತಿದವು. ಆ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿ ಬಿದ್ದಿದ್ದರೂ ನೀರು ತಾಗಿದರೆ ಒಡೆದು ಮರಿಯಾಗುತ್ತವೆ. 1979ರಲ್ಲಿ ಅಲ್ಬೇನಿಯಾದಲ್ಲಿ, 1990ರಲ್ಲಿ ಇಟಲಿಯಲ್ಲಿ ಕಾಣಿಸಿತು. ಆಗ ಬರೀ ಕಡಿತದ ಕಾಟ ಅನ್ನಿಸಿದ್ದಿರಬಹುದು. 2007ರಲ್ಲಿ ಸೋಂಕು ಹೊತ್ತು ಬಂದ ಒಬ್ಬ ಪ್ರಯಾಣಿಕನಿಂದ ಶುರುವಾಗಿ, ಇಟಲಿಯ ಈಶಾನ್ಯದಲ್ಲಿ 200ಕ್ಕೂ ಹೆಚ್ಚು ಜನರಿಗೆ ಇದೇ ಸೊಳ್ಳೆಯ ಮೂಲಕ ಚಿಕೂನ್‌ಗುನ್ಯಾ ತಗುಲಿತು.

ಆಫ್ರಿಕಾದ್ದು ಇನ್ನೂ ಚಿಂತೆಯ ವಿಷಯ. ಏಷ್ಯಾದ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆ 2012ರಲ್ಲಿ ಅಲ್ಲಿನ ಜಿಬೌಟಿ ದೇಶದಲ್ಲಿ ಪತ್ತೆಯಾಯಿತು. ನಗರದ ನೀರಿನ ತೊಟ್ಟಿಗಳಲ್ಲೂ ಆರಾಮಾಗಿ ಬೆಳೆಯುವ ಈ ಸೊಳ್ಳೆ, ಹಳ್ಳಿಗಾಡಿನ ಕಾಯಿಲೆ ಎನಿಸಿದ್ದ ಮಲೇರಿಯಾವನ್ನು ಪೇಟೆಯೊಳಕ್ಕೆ ತರುತ್ತಿದೆ.

ಮನೆಯಲ್ಲಿ ಮಾಡಬೇಕಾದದ್ದು: ಹೂಕುಂಡದ ತಟ್ಟೆ, ಬಕೆಟ್ಟುಗಳ ನೀರನ್ನು ವಾರಕ್ಕೊಮ್ಮೆ ಚೆಲ್ಲಿ. ಚೆಲ್ಲಿದರಷ್ಟೇ ಸಾಲದು, ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಲೇಬೇಕು, ಮೊಟ್ಟೆ ಅಂಟಿರುವುದೇ ಅಲ್ಲಿ. ಕಚ್ಚಿದ ಜಾಗವನ್ನು ಕೆರೆಯದೆ ಸೋಪಿನಿಂದ ತೊಳೆದು ತಣ್ಣೀರ ಬಟ್ಟೆ ಇಡಿ. ಮುಂದಿನ ಎರಡು ವಾರದಲ್ಲಿ ಜ್ವರ ಬಂದರೆ ವೈದ್ಯರಿಗೆ ಇತ್ತೀಚಿನ ಪ್ರಯಾಣದ ವಿಷಯವನ್ನೂ ತಿಳಿಸಿ. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.